ಬುಲ್ ಟ್ರೌಟ್‌ನ ತವರು ಯಾವುದು?

ದೊಡ್ಡ ನದಿಯಲ್ಲಿ ಸಿಕ್ಕ ಮೀನು ಆ ನದಿಯಲ್ಲೇ ಹುಟ್ಟಿರಬೇಕು ಎಂದುಕೊಳ್ಳುವುದು ಸಹಜ. ಬುಲ್ ಟ್ರೌಟ್ ಮೀನಿನ ವಿಷಯದಲ್ಲಿ ಹಾಗಲ್ಲ. ನೀಲಗಿರಿ ಕಡೆಯ ನಮ್ಮ ಓದುಗರಿಗೆ ಟ್ರೌಟ್ ಹೊಸ ಹೆಸರೇನಲ್ಲ. ಬ್ರಿಟಿಷರು ಅಲ್ಲಿನ ತಣ್ಣನೆಯ ಹೊಳೆಗಳಿಗೆ ತಂದುಬಿಟ್ಟ ರೇನ್‌ಬೋ ಟ್ರೌಟ್‌ನ ಮೂಲ ಉತ್ತರ ಅಮೆರಿಕದ ಪಶ್ಚಿಮ ಭಾಗ. ಬುಲ್ ಟ್ರೌಟ್ ಕೂಡ ಆ ಕಡೆಯದೇ. ಅಮೆರಿಕದ ಮೊಂಟಾನಾ, ಐಡಾಹೊ, ಒರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲೂ ಕೆನಡಾದ ಪಶ್ಚಿಮದಲ್ಲೂ ಅದರ ವಾಸ. ಹೆಸರಿಗೆ ಟ್ರೌಟ್ ಆದರೂ ಅದು ಚಾರ್ ಎಂಬ ಹತ್ತಿರದ ಬಳಗಕ್ಕೆ ಸೇರಿದ್ದು.

ಅದು ಹುಟ್ಟುವುದು ಬೆಟ್ಟದ ಮೇಲಿನ ಪುಟ್ಟ ತೊರೆಗಳಲ್ಲಿ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ, ನೀರಿನ ಉಷ್ಣತೆ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ, ಹೆಣ್ಣು ಮೀನು ಬಾಲ ಬಡಿದು ಸಣ್ಣ ಕಲ್ಲುಗಳ ಹಾಸಿನಲ್ಲಿ ಗುಳಿ ತೋಡುತ್ತದೆ. ಮೊಟ್ಟೆಯಿಟ್ಟು ಕಲ್ಲುಗಳಿಂದಲೇ ಮುಚ್ಚುತ್ತದೆ. ತಳದಿಂದ ಒರತೆ ನೀರು ಜಿನುಗುವ ಜಾಗವೇ ಅದಕ್ಕೆ ಹೆಚ್ಚು ಇಷ್ಟ. ಅಲ್ಲಿ ಚಳಿಗಾಲದಲ್ಲೂ ಗುಳಿ ಹೆಪ್ಪುಗಟ್ಟುವುದಿಲ್ಲ. ಮರಿಗಳು ಕಲ್ಲಿನ ಸಂದಿಯಿಂದ ಹೊರಬರುವುದು ವಸಂತದಲ್ಲಿ. ಮೊಟ್ಟೆಯಿಟ್ಟ ದಿನದಿಂದ ಎಣಿಸಿದರೆ 200 ದಿನಗಳಿಗೂ ಮಿಗಿಲು! ಅಷ್ಟರೊಳಗೆ ಮೇಲಿನ ಕಾಡು ಕಡಿದು, ರಸ್ತೆ ಮಾಡಿ, ಹೂಳು ಹರಿದುಬಂದರೆ ಅವು ಉಸಿರುಕಟ್ಟಿ ಸಾಯುತ್ತವೆ.

ಮರಿಗಳು ಒಂದರಿಂದ ನಾಲ್ಕು ವರ್ಷ ತೊರೆಯಲ್ಲೇ ಬೆಳೆದು, ಬಳಿಕ ನದಿಗೋ ಸರೋವರಕ್ಕೋ ಇಳಿಯುತ್ತವೆ. ಕೆಲವು ಮಾತ್ರ ಕೊನೆಯವರೆಗೂ ತೊರೆ ಬಿಡುವುದಿಲ್ಲ. ಇಳಿದವು ಬಲಿತ ಮೇಲೆ ಮೊಟ್ಟೆಯಿಡಲು ಮತ್ತೆ ತೊರೆಗೇ ಏರಬೇಕು. ಮೊಂಟಾನಾದ ಫ್ಲಾಟ್‌ಹೆಡ್ ಸರೋವರದಿಂದ ಹೊರಡುವವು 88ರಿಂದ 250 ಕಿಲೋಮೀಟರ್ ಏರುತ್ತವೆ. ಕೆಲವು ಗಡಿ ದಾಟಿ ಕೆನಡಾದಲ್ಲಿ ಮೊಟ್ಟೆಯಿಡುತ್ತವೆ. ಪೆಸಿಫಿಕ್ ಸಾಲ್ಮನ್‌ನಂತೆ ಒಮ್ಮೆ ಮೊಟ್ಟೆಯಿಟ್ಟು ಸಾಯುವ ಮೀನಲ್ಲ ಇದು. ಬದುಕಿದ್ದರೆ ಮತ್ತೊಂದು ವರ್ಷ ಮತ್ತೆ ಬರುತ್ತದೆ.

ದಾರಿ ಮುಚ್ಚಿದ್ದರೆ? ಕ್ಲಾರ್ಕ್ ಫೋರ್ಕ್ ನದಿಗೆ 1952ರಲ್ಲಿ ಕ್ಯಾಬಿನೆಟ್ ಗಾರ್ಜ್ ಅಣೆಕಟ್ಟು ಬಂತು. ಕೆಳಗಿನ ಪಾಂಡೊರೇ ಸರೋವರದಿಂದ ಏರಿಬಂದ ಮೀನು ಗೋಡೆಯ ಬುಡದಲ್ಲೇ ನಿಂತುಬಿಟ್ಟಿತು. 2000ರ ದಶಕದಿಂದ ಅಲ್ಲಿನವರು ಇಂಥ ಮೀನನ್ನು ಹಿಡಿದು, ಈಜುರೆಕ್ಕೆಯ ಒಂದು ಚೂರು ಕತ್ತರಿಸಿ, ಡಿಎನ್‌ಎ ಪರೀಕ್ಷೆ ಮಾಡುತ್ತಾರೆ. ಅದು ಹುಟ್ಟಿದ ತೊರೆ ಯಾವುದೆಂದು ಗೊತ್ತಾದರೆ ವಾಹನದಲ್ಲಿ ಅಣೆಕಟ್ಟಿನಾಚೆ ಒಯ್ದು ಬಿಡುತ್ತಾರೆ. ಮದುಮಗಳನ್ನು ತವರಿಗೆ ಕರೆದೊಯ್ಯುವುದಕ್ಕೂ ಇಷ್ಟು ವಿಚಾರಣೆ ನಡೆಯುವುದಿಲ್ಲ!

ಒಂದು ಕಾಲದಲ್ಲಿ ಬೇರೆ ಮೀನುಗಳನ್ನು ತಿನ್ನುತ್ತದೆಂದು ಜನ ಇದನ್ನು ಹಿಡಿದು ದಡಕ್ಕೆ ಎಸೆಯುತ್ತಿದ್ದರು. ಪೂರ್ವ ಭಾಗದಿಂದ ತಂದುಬಿಟ್ಟ ಬ್ರೂಕ್ ಟ್ರೌಟ್ ಇದರೊಂದಿಗೆ ಬೆರೆತು ತಳಿ ಕೆಡಿಸಿತು. 1999ರಲ್ಲಿ ಅಲಾಸ್ಕಾ ಬಿಟ್ಟು ಅಮೆರಿಕದ ಉಳಿದ ನೆಲೆಗಳಲ್ಲೆಲ್ಲ ಇದನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅದೇ ಕ್ಲಾರ್ಕ್ ಫೋರ್ಕ್ ನದಿಯ ಮೇಲ್ಭಾಗದಲ್ಲಿ, 1908ರಲ್ಲಿ ಕಟ್ಟಿದ್ದ ಮಿಲ್‌ಟೌನ್ ಅಣೆಕಟ್ಟನ್ನು 2008ರಲ್ಲಿ ಒಡೆದರು. ಹಿಂದೆ ಗಣಿಗಳಿಂದ ಬಂದು ತುಂಬಿದ್ದ ವಿಷದ ಹೂಳು ತೆಗೆಯುವುದು ಮುಖ್ಯ ಉದ್ದೇಶವಾಗಿತ್ತು; ಅದರೊಂದಿಗೆ ಮೀನಿನ ದಾರಿಯೂ ತೆರೆಯಿತು.