ಸಿಗರೇಟು ಬಿಡುವವರಿಗೆ ಅಂಗಡಿಯ ನೆರವು

ಲಕ್ಷ್ಮೇಶ್ವರದಂತಹ ವ್ಯಾಪಾರಿ ಪಟ್ಟಣದಲ್ಲಿ ಸಿಗರೇಟು ಕೇವಲ ವ್ಯಕ್ತಿಯೊಬ್ಬನ ಚಟವಾಗಿ ಉಳಿದಿಲ್ಲ. ಅದು ವ್ಯವಹಾರದ ದಿನಚರಿಯೊಳಗೆ ಬೆರೆತುಹೋಗಿದೆ. ಮುಂಜಾನೆ ಅಂಗಡಿಯ ಬಾಗಿಲು ತೆರೆದು ಚಹಾ ತರಿಸಿದಾಗ ಒಂದು, ಮಾರುಕಟ್ಟೆ ಪ್ರಾಂಗಣದಲ್ಲಿ ಟೆಂಡರ್ ದರ ಪ್ರಕಟವಾಗುವವರೆಗೆ ಒಂದೆರಡು, ಪರಊರಿನ ಖರೀದಿದಾರರು ಬಂದಾಗ ಮರ್ಯಾದೆಗೆಂದು ಇನ್ನೊಂದು, ರಾತ್ರಿ ಕಿರ್ದಿ ಬರೆದು ಮುಗಿಸಿದ ಮೇಲೆ ಕೊನೆಯದೊಂದು. ಆದುದರಿಂದ ಬಿಡುವ ಸಂಕಲ್ಪ ಮಾಡಿದವರು ತಿಂಗಳೊಳಗೆ ಸೋತರೆ ಅದನ್ನು ಮನೋದೌರ್ಬಲ್ಯವೆಂದು ಹಳಿಯುವುದು ನ್ಯಾಯವಲ್ಲ.

ನಿಕೋಟಿನ್ ಇಲ್ಲದೆ ಉಂಟಾಗುವ ಸಿಡುಕು, ನಿದ್ರಾಹೀನತೆ, ಚಡಪಡಿಕೆಗಳು ಮೊದಲ ವಾರದಲ್ಲಿ ತೀವ್ರವಾಗಿದ್ದು, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತವೆ. ಒಂದೊಂದು ಬಾರಿಯ ತೀವ್ರ ಬಯಕೆಯೂ ಕೆಲವು ನಿಮಿಷಗಳದ್ದು ಮಾತ್ರ. ಆದರೆ ಚಹಾದ ಕಪ್ಪು, ಗೆಳೆಯನ ಕರೆ, ಊಟದ ನಂತರದ ಬಿಡುವು ಇವು ತಿಂಗಳುಗಳು ಕಳೆದ ಮೇಲೂ ಹಳೆಯ ಬಯಕೆಯನ್ನು ಎಬ್ಬಿಸಬಲ್ಲವು. ಬದಲಾಗಬೇಕಾದದ್ದು ಇವೇ. ಮೊದಲ ಹದಿನೈದು ದಿನ ಚಹಾದ ಬದಲು ಮಜ್ಜಿಗೆ. ಟೆಂಡರ್ ಹೊತ್ತಿಗೆ ಪಾನ್ ಅಂಗಡಿಯ ಕಟ್ಟೆಯ ಬದಲು ಸೇದದವರ ಜೊತೆ. ಊಟವಾದ ಕೂಡಲೇ ಎದ್ದು ನಾಲ್ಕು ಹೆಜ್ಜೆ ನಡಿಗೆ. ಬಾಯಿಗೆ ಬಡೇಸೋಪು ಅಥವಾ ಹುರಿದ ಶೇಂಗಾ. ಅಡಿಕೆ, ಗುಟ್ಕಾಗಳತ್ತ ಹೊರಳಿದರೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಂತೆಯೇ.

ಮುಹೂರ್ತದ ವಿಷಯದಲ್ಲಿಯೂ ಒಂದು ಮಾತು. ವರ್ತಕರು ಹೊಸ ಖಾತೆಯೊಂದಿಗೆ ಹೊಸ ಸಂಕಲ್ಪವನ್ನೂ ಮಾಡುವುದು ದೀಪಾವಳಿಯಲ್ಲಿ. ಅದು ಮುಂಗಾರಿ ಶೇಂಗಾ ಆವಕದ ಕಾಲ. ಅದರ ಬೆನ್ನಿಗೇ ಹತ್ತಿ, ಒಣಮೆಣಸಿನಕಾಯಿ ಬರುತ್ತವೆ. ನಿದ್ದೆಗೆಟ್ಟು ದುಡಿಯುವ, ದರದ ಏರಿಳಿತಕ್ಕೆ ಎದೆ ಬಡಿದುಕೊಳ್ಳುವ ಆ ದಿನಗಳಿಗಿಂತ ಆವಕ ತೆಳುವಾಗಿರುವ ಆಷಾಢ ಶ್ರಾವಣಗಳೇ ಈ ಕಾರ್ಯಕ್ಕೆ ಅನುಕೂಲ.

ಇನ್ನು ಮಾಲೀಕರ ಹೊಣೆ. ಗಾದಿಯ ಮೇಲೆ ಅತಿಥಿಗಳಿಗಾಗಿ ಪಾಕೀಟು, ಕಡ್ಡಿಪೆಟ್ಟಿಗೆ, ಬೂದಿಬಟ್ಟಲು ಇಡುವ ಪದ್ಧತಿ ಇನ್ನೂ ಅಲ್ಲಲ್ಲಿ ಉಂಟು. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಕೆಲಸದ ಸ್ಥಳದಲ್ಲಿ ಧೂಮಪಾನವಷ್ಟೇ ಅಲ್ಲ, ಕಡ್ಡಿಪೆಟ್ಟಿಗೆ, ಬೂದಿಬಟ್ಟಲುಗಳನ್ನು ಒದಗಿಸುವುದೂ ನಿಷಿದ್ಧ. ಸಿಗರೇಟು ಬಿಡಲು ಹೆಣಗುತ್ತಿರುವ ಗುಮಾಸ್ತನ ಕೈಯಿಂದಲೇ ಅತಿಥಿಗೆ ಸಿಗರೇಟು ತರಿಸುವುದು ಕಾನೂನಿನ ಮಾತಿರಲಿ, ಮನುಷ್ಯತ್ವಕ್ಕೂ ಒಪ್ಪುವುದಲ್ಲ. ಹತ್ತಿ, ಗೋಣಿಚೀಲಗಳ ನಡುವೆ ಕಿಡಿಯ ಅಪಾಯವನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಬಿಟ್ಟವನು ಮರಳುವುದು ಪಾಕೀಟಿನಿಂದಲ್ಲ, ‘ಒಂದೇ ಒಂದು’ ಎಂಬ ಬಿಡಿ ಸಿಗರೇಟಿನಿಂದ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ಬಿಡಿ ಮಾರಾಟವನ್ನೂ 21 ವರ್ಷ ತುಂಬದವರಿಗೆ ಮಾರುವುದನ್ನೂ ನಿಷೇಧಿಸಿ, ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ 1,000 ರೂಪಾಯಿವರೆಗೆ ದಂಡ ವಿಧಿಸಿದೆ. ಪಾನ್ ಅಂಗಡಿಯವರೂ ವ್ಯಾಪಾರಿ ಬಾಂಧವರೇ. ಬಿಡಿ ಮಾರಾಟ ನಿಂತರೆ ಅವರ ನಿತ್ಯದ ಗಳಿಕೆಗೆ ಪೆಟ್ಟು ಬೀಳುವುದು ನಿಜ. ಅದನ್ನು ಹಗುರವಾಗಿ ಕಾಣಲಾಗದು. ಆದರೂ ವರ್ತಕ ಸಂಸ್ಥೆಗಳು ಈ ವಿಷಯದಲ್ಲಿ ವಿನಾಯಿತಿ ಬೇಡುವುದಕ್ಕಿಂತ, ಆ ಅಂಗಡಿಗಳು ತಂಪು ಪಾನೀಯ, ತಿನಿಸುಗಳಿಗೆ ಹೊರಳಲು ಸಗಟು ದರದಲ್ಲಿ ಉದ್ದರಿ ಕೊಡಿಸುವುದು ಮೇಲು.

ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ 2016ರಿಂದ ಇದೆ. ಪಾಕೀಟಿನ ಮೇಲೆಯೇ ಅಚ್ಚಾಗಿರುವ ಆ ಸಂಖ್ಯೆಯನ್ನು ಗಾದಿಯ ಹಿಂದಿನ ಗೋಡೆಗೆ, ದಿನದರ್ಶಿಕೆಯ ಪಕ್ಕದಲ್ಲಿ ಬರೆದಿಡಲು ಯಾವ ಖರ್ಚೂ ಇಲ್ಲ.