ಛತ್ತು ಹಾಕಿದ ದಿನದ ಊಟ

ಮನೆ ಕಟ್ಟಿಸುವ ಸಂಭ್ರಮದಲ್ಲಿರುವ ಸಹೋದರಿಯರೇ, ಗೃಹಪ್ರವೇಶದ ಅಡುಗೆಯ ಪಟ್ಟಿಯನ್ನು ನೀವು ಆರು ತಿಂಗಳ ಮೊದಲೇ ಮನಸ್ಸಿನಲ್ಲಿ ಬರೆದಿಟ್ಟಿರುತ್ತೀರಿ. ಹೋಳಿಗೆಯೋ ಮಾದಲಿಯೋ ಎಂಬ ಚರ್ಚೆಯೂ ಮುಗಿದಿರುತ್ತದೆ. ಆದರೆ ಅದಕ್ಕೂ ಮುಂಚೆ ಬರುವ ಇನ್ನೊಂದು ಊಟ ಇದೆಯಲ್ಲ, ಛತ್ತು ಹಾಕಿದ ದಿನದ್ದು? ಅದರ ಬಗ್ಗೆ ಈ ಸಲ ನಾಲ್ಕು ಮಾತು.

ಗುರುಮಠಕಲ್ ಕಡೆ ಛತ್ತು ಹಾಕುವ ದಿನ ಅಂದರೆ ಸಣ್ಣ ಜಾತ್ರೆಯೇ ಸರಿ. ಕನ್ನಡ, ತೆಲುಗು ಎರಡೂ ಕೂಡಿಯೇ ಕೇಳುತ್ತವೆ. ಒಮ್ಮೆ ಶುರುವಾದ ಕಾಂಕ್ರೀಟು ನಡುವೆ ನಿಲ್ಲಬಾರದು. ನಿಂತರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡದೆ, ಮಳೆ ಬಂದಾಗ ಅಲ್ಲೇ ಸೋರುತ್ತದೆ. ಹೀಗಾಗಿ ಮೇಸ್ತ್ರಿ ಯಾರನ್ನೂ ಊಟಕ್ಕೆ ಬಿಡುವುದಿಲ್ಲ. ಮುಗಿಯುವ ಹೊತ್ತಿಗೆ ಸಂಜೆ ನಾಲ್ಕು. ಅಷ್ಟು ಹಸಿದವರ ಮುಂದೆ ಆರಿ ತಣ್ಣಗಾದ ಅನ್ನ-ಸಾರು ಇಟ್ಟರೆ ಏನು ಚಂದ ಹೇಳಿ?

ದೂರದ ಮೆಕ್ಸಿಕೋ ದೇಶದಲ್ಲೂ ಇಂಥದ್ದೇ ಒಂದು ಪದ್ಧತಿ. ಮೇ 3ರಂದು, ಪವಿತ್ರ ಶಿಲುಬೆಯ ಹಬ್ಬದ ದಿನ, ಗೌಂಡಿಗಳು ಕಟ್ಟುತ್ತಿರುವ ಮನೆಯ ಮೇಲೆ ಹೂವಿನಿಂದ ಸಿಂಗರಿಸಿದ ಶಿಲುಬೆ ನಿಲ್ಲಿಸುತ್ತಾರೆ. ಮನೆಯ ಯಜಮಾನ ಅವರಿಗೆಲ್ಲ ಅಲ್ಲೇ, ಮರಳು-ಇಟ್ಟಿಗೆಗಳ ನಡುವೆಯೇ, ಊಟ ಹಾಕಿಸುತ್ತಾನೆ. ಅವರ ರೊಟ್ಟಿ ಮೆಕ್ಕೆಜೋಳದ್ದು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು, ರುಬ್ಬಿ, ತಟ್ಟಿ ಹಂಚಿನ ಮೇಲೆ ಸುಡುತ್ತಾರೆ. ಹೆಸರು ಟೋರ್ಟಿಯಾ. ಒಳಗೆ ಪಲ್ಯ, ಮೇಲೆ ಸುಟ್ಟ ಟೊಮೆಟೊ ಚಟ್ನಿ, ಮಡಚಿ ಕೈಯಲ್ಲಿ ಹಿಡಿದರೆ ಊಟ. ತಟ್ಟೆ ತೊಳೆಯುವ ತಾಪತ್ರಯವೇ ಇಲ್ಲ! (ಟೊಮೆಟೊ, ಮೆಣಸಿನಕಾಯಿ, ಮೆಕ್ಕೆಜೋಳ ಮೂರೂ ನಮಗೆ ಬಂದಿದ್ದು ಆ ಖಂಡದಿಂದಲೇ ಅನ್ನಿ.)

ನಮಗೆ ಜೋಳದ ರೊಟ್ಟಿ ಸಾಕು. ಇಪ್ಪತ್ತು ಜನರಿಗೆ ತಲಾ ಮೂರರಂತೆ ಅರವತ್ತು ರೊಟ್ಟಿ. ಸುಮಾರು 4 ಕಿಲೋ ಹಿಟ್ಟು ಬೇಕು. ಬಿಸಿನೀರಿನಲ್ಲಿ ಚೆನ್ನಾಗಿ ನಾದಿ, ಕಟಕಲು ಮಾಡದೆ ಮೆತ್ತಗೆ ಸುಟ್ಟು, ಬಟ್ಟೆಯಲ್ಲಿ ಸುತ್ತಿಡಿ. ಆರಿದ ರೊಟ್ಟಿ ಮಡಚಿದರೆ ಮುರಿಯುತ್ತದೆ. ಒಂದೂವರೆ ಕಿಲೋ ಅಲಸಂದಿ ಹಿಂದಿನ ರಾತ್ರಿ ನೆನೆಹಾಕಿ, ಬೇಯಿಸಿ, ಈರುಳ್ಳಿ-ಜೀರಿಗೆ ಒಗ್ಗರಣೆಯಲ್ಲಿ ಅರೆಬರೆ ಮಸೆದು ಗಟ್ಟಿ ಪಲ್ಯ ಮಾಡಿ. ಮಾಂಸ ತಿನ್ನುವ ಮನೆಯಾದರೆ ಖೀಮಾ ಆದೀತು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ತೊಗರಿ ಕಟ್ಟಿಗೆ ಉರಿಸಿ, ಕೆಂಡದ ಮೇಲೆ 2 ಕಿಲೋ ಟೊಮೆಟೊ, ಹತ್ತು-ಹದಿನೈದು ಹಸಿಮೆಣಸಿನಕಾಯಿ, ಎರಡು ಗಡ್ಡೆ ಬೆಳ್ಳುಳ್ಳಿ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಹಾಕಿ ಒರಳಲ್ಲಿ ಜಜ್ಜಿ. ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆಹಣ್ಣು ಪಕ್ಕದಲ್ಲಿರಲಿ.

ಬಡಿಸುವ ಮುಂಚೆ ಸಾಬೂನು, ಎರಡು ಕೊಡ ನೀರು ತಪ್ಪದೆ ಇಡಿ. ಹಸಿ ಸಿಮೆಂಟು ಸುಣ್ಣದಂತೆಯೇ ಚರ್ಮ ಸುಡುತ್ತದೆ. ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಕೈ ಅಷ್ಟೇ ಅಲ್ಲ, ಕಾಲಿನ ಬೆರಳ ಸಂದಿಗಳೂ ನೋಡಿ, ಹೇಗೆ ಬಿರಿದಿರುತ್ತವೆ. ತೊಳೆದ ಮೇಲೆ ಹಚ್ಚಿಕೊಳ್ಳಲು ಒಂದು ಬಟ್ಟಲು ಕೊಬ್ಬರಿ ಎಣ್ಣೆ ಕೊಟ್ಟರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಈಗ ಮುಖ್ಯ ಮಾತು. ಎಷ್ಟೋ ಮನೆಗಳಲ್ಲಿ ಬೀಗರು, ಮೇಸ್ತ್ರಿ ಮೊದಲ ಪಂಕ್ತಿ. ಗಂಡಾಳು ಎರಡನೆಯದು. ಹೆಣ್ಣಾಳುಗಳಿಗೆ ಕಡೆಗೆ, ಅದೂ ಮರಳಿನ ಗುಡ್ಡೆಯ ಆಚೆ. ಜಾತಿ ಕೇಳಿ ಬೇರೆ ಕೂರಿಸುವವರೂ ಇದ್ದಾರೆ. ಆಕೆ ಹೊತ್ತ ಕಾಂಕ್ರೀಟಿನ ಕೆಳಗೆ ಮಲಗಲು ಮೈಲಿಗೆಯಿಲ್ಲ, ಪಕ್ಕದಲ್ಲಿ ಉಣ್ಣಲು ಮೈಲಿಗೆಯೇ? ಒಂದೇ ಚಾಪೆ ಹಾಸಿ, ನೀವೂ ಕೂತುಬಿಡಿ. ಈ ಊಟಕ್ಕೆ ಬಡಿಸುವವರು ಬೇಕಿಲ್ಲ, ರೊಟ್ಟಿ ಬುಟ್ಟಿ ನಡುವೆ ಇಟ್ಟರಾಯಿತು.

ಹಾಗೇ ಊಟ ಹಾಕಿದೆವೆಂದು ಕೂಲಿಯಲ್ಲಿ ಮುರಿದುಕೊಳ್ಳಬೇಡಿ. ಒಂದೇ ಕೆಲಸಕ್ಕೆ ಗಂಡು-ಹೆಣ್ಣಿಗೆ ಒಂದೇ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂದಿದೆ. ಲೆಕ್ಕ ಯಜಮಾನರ ಕೈಯಲ್ಲಿದ್ದರೂ ಹಿಂದಿನ ರಾತ್ರಿಯೇ ಒಂದು ಮಾತು ಕೇಳಿಡಿ: ಹೆಣ್ಣಾಳಿಗೆ ಎಷ್ಟು ಹಿಡಿದಿದ್ದೀರಿ? ದುಡ್ಡು ಊಟಕ್ಕೆ ಮೊದಲೇ ಅವರ ಕೈ ಸೇರಲಿ.

ಚಟ್ನಿ ಉಳಿದರೆ ಚೆಲ್ಲಬೇಡಿ. ಮರುದಿನದಿಂದ ಕಡಿಮೆಯೆಂದರೂ ಏಳು ದಿನ ಛತ್ತಿನ ಮೇಲೆ ನೀರು ನಿಲ್ಲಿಸಬೇಕಲ್ಲ, ನೀರು ಹಾಕಲು ಬರುವವರಿಗೂ ಬೆಳಿಗ್ಗೆ ರೊಟ್ಟಿಯ ಜೊತೆ ಆಗುತ್ತದೆ.