ಬೀಡಿ ಕಟ್ಟಿದ ಕೈಗಳಿಗೆ ಸಲ್ಲಬೇಕಾದ ಲೆಕ್ಕ

ಬ್ಯಾರಿಗಳ ಚರಿತ್ರೆ ಹೇಳುವಾಗ ನಾವು ಹಡಗು, ಬಂದರು, ವ್ಯಾಪಾರ ಎನ್ನುತ್ತೇವೆ. ಆಮೇಲೆ ಬೊಂಬಾಯಿ, ಅದರ ನಂತರ ಗಲ್ಫ್. ಇದೆಲ್ಲ ಸರಿಯೇ. ಆದರೆ ಜಗಲಿಯ ಮೂಲೆಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟು ನಲವತ್ತು ವರ್ಷ ಬೀಡಿ ಕಟ್ಟಿದ ನಮ್ಮ ಅಜ್ಜಿಯಂದಿರು ಈ ಚರಿತ್ರೆಯಲ್ಲಿ ಎಲ್ಲಿದ್ದಾರೆ? ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಉಳ್ಳಾಲ ಕಡೆಯ ಎಷ್ಟೋ ಮನೆಗಳ ಅಡಿಪಾಯದ ಕಲ್ಲು ಆ ಮೊರದಿಂದ ಬಂದದ್ದು. ಮದ್ರಸದ ಫೀಸು, ಶಾಲೆಯ ಚೀಲ, ಮಗಳ ಕಿವಿಯ ಅಲಿಕತ್ತು ಬಂದದ್ದೂ ಅಲ್ಲಿಂದಲೇ.

ಇಷ್ಟಾದರೂ ಮಕ್ಕಳನ್ನು ಮದ್ರಸಕ್ಕೆ ಸೇರಿಸುವಾಗ ಅರ್ಜಿಯಲ್ಲಿ ಏನು ಬರೆಸುತ್ತಾರೆ? ತಂದೆಯ ಉದ್ಯೋಗ ವಿದೇಶ, ತಾಯಿಯದ್ದು ಮನೆಗೆಲಸ. ಅಜ್ಜಿಗೆ ಕಾಲಂ ಇಲ್ಲ. ಮಕ್ಕಳಲ್ಲಿ "ನಿಮ್ಮ ಅಜ್ಜಿ ಏನು ಮಾಡ್ತಾರೆ?" ಎಂದು ಕೇಳಿದರೆ "ಏನೂ ಇಲ್ಲ ಉಸ್ತಾದ್, ಮನೆಯಲ್ಲಿ ಸುಮ್ಮನೆ ಕೂತ್ಕೊಳ್ತಾರೆ, ಬೀಡಿ ಕಟ್ತಾರೆ" ಎನ್ನುತ್ತಾರೆ. ಸುಮ್ಮನೆ ಕೂತವರು ಬೀಡಿ ಕಟ್ಟುವುದು ಹೇಗೆ? ಈ ಮಾತು ಮಕ್ಕಳು ತಾವಾಗಿ ಕಲಿತದ್ದಲ್ಲ, ದೊಡ್ಡವರ ಬಾಯಿಂದ ಬಂದದ್ದು.

ಕೆಲಸ ಹೇಗಿತ್ತು ಎಂದು ಇಂದಿನವರಿಗೆ ಸ್ವಲ್ಪ ಹೇಳಬೇಕು. ರಾತ್ರಿ ಎಲೆಯನ್ನು ನೀರಿನಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಸುಬಹಿ ನಮಾಝ್ ಮುಗಿಸಿ, ಗಂಜಿಗೆ ನೀರಿಟ್ಟು ಎಲೆ ಕತ್ತರಿಸಲು ಕೂರಬೇಕು. ತಗಡಿನ ಅಳತೆ ಇಟ್ಟು ಕತ್ತರಿಸಬೇಕು, ಎಲೆಯ ನರ ಅಡ್ಡ ಬರಬಾರದು. ಹೊಗೆಸೊಪ್ಪು ಹೆಚ್ಚು ಹಾಕಿದರೆ ಕೊನೆಗೆ ಸೊಪ್ಪು ಸಾಲದು, ಕಡಿಮೆ ಹಾಕಿದರೆ ಬ್ರಾಂಚಿನಲ್ಲಿ ಬೀಡಿ ನಿಲ್ಲದು. ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದು ಕೆಲವೇ ಕ್ಷಣದ ಕೆಲಸ. ಅದನ್ನೇ ದಿನಕ್ಕೆ ಸಾವಿರ ಸಲ ಮಾಡಬೇಕು. ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಕಟ್ಟು ಬಿಚ್ಚಿ ನೋಡಿ, ಸರಿಯಿಲ್ಲವೆಂದು ಒಂದಷ್ಟು ತೆಗೆದಿಡುತ್ತಾರೆ. ಆ ಬೀಡಿಗೆ ಮಜೂರಿ ಇಲ್ಲ. ಮರುದಿನಕ್ಕೆ ಕೊಟ್ಟ ಎಲೆ ಹರುಕಾಗಿದ್ದರೂ ಲೆಕ್ಕ ಮಾತ್ರ ಸರಿಯಾಗಿ ಒಪ್ಪಿಸಬೇಕು. ಕಡಿಮೆ ಬಿದ್ದ ಎಲೆಯನ್ನು ಅಂಗಡಿಯಿಂದ ಸ್ವಂತ ದುಡ್ಡಿನಲ್ಲಿ ತರಬೇಕು. ಇದು ಕೌಶಲದ ಕೆಲಸ ಅಲ್ಲ ಎನ್ನುವವರು ಒಂದು ಎಲೆ ಸುತ್ತಿ ನೋಡಲಿ.

ಈ ಅಜ್ಜಿಯಂದಿರು ಕಾಲವನ್ನು ಅಳೆಯುವುದೂ ಬೇರೆ ರೀತಿ. ಹುಟ್ಟಿದ ತಾರೀಕು ಗೊತ್ತಿಲ್ಲ. "1974ರ ನೆರೆ ಬರುವಾಗ ನಾನು ಮದುವೆಯಾಗಿ ಈ ಮನೆಗೆ ಬಂದಿದ್ದೆ" ಎನ್ನುತ್ತಾರೆ. ಬೆಲೆಯನ್ನು ಅಳೆಯುವುದು ಸಾವಿರದ ಲೆಕ್ಕದಲ್ಲಿ. ಅಕ್ಕಿ ಇಷ್ಟು ಸಾವಿರ ಬೀಡಿಗೆ, ಪೆರ್ನಾಲಿನ ಬಟ್ಟೆ ಇಷ್ಟು ಸಾವಿರಕ್ಕೆ. ಮೊಮ್ಮಗ ಎಂಟು ನೂರು ರೂಪಾಯಿಯ ಚಪ್ಪಲಿ ಒಂದು ತಿಂಗಳಲ್ಲಿ ಎಸೆದರೆ ಅವರ ಮುಖ ಸಣ್ಣದಾಗುವುದು ಜಿಪುಣತನದಿಂದ ಅಲ್ಲ. ಅವರ ಕಣ್ಣಿಗೆ ಕಾಣುವುದು ಚಪ್ಪಲಿಯಲ್ಲ, ಅಷ್ಟು ದಿನದ ಬೆನ್ನುನೋವು.

ನೆರೆಕರೆಯನ್ನೂ ಅವರು ಜಗಲಿಯಿಂದಲೇ ತಿಳಿದವರು. ಮಧ್ಯಾಹ್ನದ ಹೊತ್ತು ನಾಲ್ಕಾರು ಮನೆಯ ಹೆಂಗಸರು ಮೊರ ಹಿಡಿದು ಒಂದೇ ಕಡೆ ಸೇರುತ್ತಿದ್ದರು. ಅದರಲ್ಲಿ ನಮ್ಮವರೂ ಇದ್ದರು, ಬಿಲ್ಲವರೂ ಇದ್ದರು, ಕ್ರಿಶ್ಚಿಯನ್ನರೂ ಇದ್ದರು. ಮಾತು ಅರ್ಧ ತುಳು, ಅರ್ಧ ಬ್ಯಾರಿ. ಒಬ್ಬರಿಗೆ ಎಲೆ ಕಡಿಮೆಯಾದರೆ ಇನ್ನೊಬ್ಬರು ಸಾಲ ಕೊಡುವುದು, ಬಾಣಂತಿಯ ಪಾಲಿನ ಕಟ್ಟನ್ನು ಎಲ್ಲರೂ ಸೇರಿ ಮುಗಿಸುವುದು ಇತ್ತು. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ, ಯಾರ ಗಂಡ ಪತ್ರ ಹಾಕಿಲ್ಲ ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಇಂದು ಝಕಾತ್ ಹಂಚುವಾಗ ನಾವು ಅರ್ಜಿ ಕರೆಯುತ್ತೇವೆ, ಸಮಿತಿ ಮಾಡುತ್ತೇವೆ. ಆಗ ಆ ಜಗಲಿಯೇ ಸಮಿತಿ. ಈಗ ಪ್ರತಿ ಮನೆಗೂ ಕಂಪೌಂಡು, ಗೇಟು. ನಮ್ಮವರು, ಅವರು ಎಂಬ ಮಾತು ಊರಲ್ಲಿ ಹೆಚ್ಚಿದ ಈ ಕಾಲದಲ್ಲಿ, ಒಟ್ಟಿಗೆ ಕೂತು ದುಡಿದ ಆ ಹೆಂಗಸರ ನೆನಪನ್ನು ಮಕ್ಕಳಿಗೆ ದಾಟಿಸುವುದು ಸಣ್ಣ ಕೆಲಸ ಅಲ್ಲ.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಬೀಡಿ ಸೇದುವುದು ಕೆಟ್ಟದು ಎಂದು ಹೇಳುವ ಉಸ್ತಾದರು ಬೀಡಿಯನ್ನು ಹೊಗಳುವುದಾ? ಬೀಡಿಯನ್ನು ಹೊಗಳುತ್ತಿಲ್ಲ. ಹೊಗೆಸೊಪ್ಪು ಸೇದುವವನ ಎದೆಯನ್ನೂ ಸುಡುತ್ತದೆ, ಅದರ ಧೂಳು ಕಟ್ಟುವವಳ ಎದೆಗೂ ಸೇರುತ್ತದೆ. ಅಜ್ಜಿಯ ಕೆಮ್ಮು, ಬಗ್ಗಿದ ಬೆನ್ನು, ಮಂಜಾದ ಕಣ್ಣು ಇದಕ್ಕೆ ಸಾಕ್ಷಿ. ಮೊಮ್ಮಗಳು ಆ ಮೊರ ಮುಟ್ಟದೆ ಬಿ.ಎಡ್., ನರ್ಸಿಂಗ್ ಓದುತ್ತಿದ್ದಾಳೆ ಎಂದರೆ ಅದು ಸಂತೋಷವೇ. ಆದರೆ ಬೇರೆ ದಾರಿ ಇಲ್ಲದ ಕಾಲದಲ್ಲಿ, ಹೊಸಿಲು ದಾಟಲು ಬಿಡದ ಮನೆಗಳಲ್ಲಿ, ಯಾರ ಮುಂದೆಯೂ ಕೈ ಚಾಚದೆ ದುಡಿದವರ ಹಕ್ಕು ಬೇರೆ ವಿಷಯ. ಸ್ವಂತ ಕೈಯ ದುಡಿಮೆಯ ಅನ್ನದ ಶ್ರೇಷ್ಠತೆಯನ್ನು ನಾವು ಮಿಂಬರಿನಲ್ಲಿ ಹೇಳುತ್ತೇವೆ. ಅದು ನಮ್ಮದೇ ಮನೆಯ ಜಗಲಿಗೂ ಅನ್ವಯಿಸಬೇಕಲ್ಲ?

ಹಕ್ಕಿನ ವಿಷಯಕ್ಕೆ ಬರೋಣ. ಬೀಡಿ ಕಾರ್ಮಿಕರಿಗೆಂದೇ 1966ರಲ್ಲಿ ಕಾನೂನು ಬಂತು. ಮನೆಯಲ್ಲೇ ಕೂತು ಕಟ್ಟುವವರೂ ಕಾರ್ಮಿಕರೇ, ಅವರಿಗೂ ಭವಿಷ್ಯ ನಿಧಿ ಸಲ್ಲಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1995ರಲ್ಲಿ ಪಿಂಚಣಿ ಯೋಜನೆ ಬಂತು. ಹತ್ತು ವರ್ಷದ ಸೇವೆ ಇದ್ದರೆ 58 ತುಂಬಿದ ಮೇಲೆ ತಿಂಗಳ ಪಿಂಚಣಿ. 2014ರಿಂದ ಅದು ಕನಿಷ್ಠ 1000 ರೂಪಾಯಿ. ಸಾವಿರ ರೂಪಾಯಿ ಇಂದು ಏನೂ ಅಲ್ಲ ಎನ್ನಬಹುದು. ಬಿ.ಪಿ. ಮಾತ್ರೆಗೆ ಮಗನ ಮುಖ ನೋಡಬೇಕಾದ ಅಜ್ಜಿಯನ್ನು ಕೇಳಿ ನೋಡಿ.

ಈ ಹಣ ಹಲವರ ಕೈಗೆ ಸೇರುತ್ತಿಲ್ಲ. ಒಂದು ಕಾರಣ ಹೆಸರು. ಬ್ರಾಂಚಿನ ಪುಸ್ತಕದಲ್ಲಿ ಬೀಪಾತುಮ್ಮ, ಆಧಾರಿನಲ್ಲಿ ಬಿ. ಫಾತಿಮಾ, ರೇಷನ್ ಕಾರ್ಡಿನಲ್ಲಿ ಬರೀ ಫಾತಿಮಾ. ಐಸಮ್ಮ ಎಲ್ಲೋ ಆಯಿಶಾ ಆಗಿದ್ದಾರೆ, ನೆಬಿಸ ಇನ್ನೆಲ್ಲೋ ನಫೀಸಾ. ಊರಿಗೆಲ್ಲ ಒಬ್ಬರೇ, ಕಂಪ್ಯೂಟರಿಗೆ ಮಾತ್ರ ಮೂರು ಜನ. ಎರಡನೆಯದು, ತಾಯಿ ಮಗಳು ಇಬ್ಬರೂ ಕಟ್ಟಿದ ಬೀಡಿ ಒಂದೇ ಪುಸ್ತಕದಲ್ಲಿ ಬಿದ್ದಿರುವುದು. ಮಗಳು ಹದಿನೈದು ವರ್ಷ ದುಡಿದರೂ ದಾಖಲೆಯಲ್ಲಿ ಒಂದು ದಿನವೂ ಇಲ್ಲ. ಮೂರನೆಯದು ಬೆರಳು. ಎಲೆ, ಕತ್ತರಿ, ನೂಲು, ಅದರ ಮೇಲೆ ವಯಸ್ಸು ಸೇರಿ ಬೆರಳಿನ ಗೆರೆ ಸವೆದಿದೆ. ಯಂತ್ರದ ಮೇಲೆ ಎಷ್ಟು ಸಲ ಒತ್ತಿದರೂ ತಾಳೆಯಾಗುವುದಿಲ್ಲ. ದುಡಿದದ್ದಕ್ಕೆ ಸಾಕ್ಷಿಯಾಗಬೇಕಾದ ಕೈಯೇ, ನೀನು ನೀನಲ್ಲ ಎಂದು ಹೇಳಿಸಿಕೊಂಡು ಹಿಂದೆ ಬರುತ್ತದೆ. "ಇರ್ಲಿ ಬಿಡಿ ಉಸ್ತಾದ್, ಯಾರಿಗೆ ತೊಂದರೆ ಕೊಡುದು" ಎಂದು ಅಜ್ಜಿ ಸುಮ್ಮನಾಗುತ್ತಾರೆ. ಅವರು ಸುಮ್ಮನಾದರೆಂದು ನಾವೂ ಸುಮ್ಮನಿರಬಾರದು.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಪ್ರತಿ ಜಮಾಅತ್ ಒಂದು ಭಾನುವಾರ ಮದ್ರಸದ ಹಾಲ್ ಬಿಟ್ಟುಕೊಡಲಿ. ಡಿಗ್ರಿ ಓದುವ ನಾಲ್ಕು ಹುಡುಗ ಹುಡುಗಿಯರು ಫೋನ್ ಹಿಡಿದು ಕೂರಲಿ. ಊರಿನ ಬೀಡಿ ಅಜ್ಜಿಯಂದಿರೆಲ್ಲ ಹಳೆಯ ಪುಸ್ತಕ, ಪಿಎಫ್ ಚೀಟಿ, ಆಧಾರ್ ತರಲಿ. ನಮ್ಮವರು ಮಾತ್ರ ಅಲ್ಲ, ಒಟ್ಟಿಗೆ ಕೂತು ಕಟ್ಟಿದ ನೆರೆಕರೆಯವರೂ ಬರಲಿ. ಹೆಸರು ವ್ಯತ್ಯಾಸ ಇದ್ದರೆ ಪಟ್ಟಿ ಮಾಡಿ, ಹತ್ತು ಜನರ ಕಾಗದ ಸೇರಿಸಿ ಒಬ್ಬರು ಮಂಗಳೂರಿನ ಪಿಎಫ್ ಕಚೇರಿಗೆ ಹೋಗಿ ಬರಲಿ. ಪಿಂಚಣಿ ಬರುವವರು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಈಗ ಬೆರಳಿಲ್ಲದೆ, ಮುಖ ತೋರಿಸಿ ಫೋನಿನಲ್ಲೇ ಮಾಡಬಹುದು. ಇದು ಎಷ್ಟು ಮನೆಗಳಿಗೆ ಗೊತ್ತು? ತೀರಿಕೊಂಡವರ ಖಾತೆಯಲ್ಲಿ ಹಣ ಉಳಿದಿದ್ದರೆ ಅದೂ ವಾರಸುದಾರರಿಗೆ ಸಲ್ಲಬೇಕಾದದ್ದು. ಇನ್ನೂ ಬೀಡಿ ಕಟ್ಟುತ್ತಿರುವ ತಾಯಂದಿರು ಗುರುತುಚೀಟಿ ಮಾಡಿಸಿಕೊಂಡರೆ ಮಕ್ಕಳಿಗೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು.

ಮನೆಯೊಳಗಿನ ಲೆಕ್ಕವೂ ಒಂದುಂಟು. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿದ್ದದ್ದು ಎಷ್ಟೋ ಕಡೆ ಅಜ್ಜಿಯದ್ದು. 2000 ರೂಪಾಯಿ ಅವರ ಖಾತೆಗೆ ಬೀಳುತ್ತದೆ, ಎಟಿಎಂ ಕಾರ್ಡ್ ಮಗನ ಕಿಸೆಯಲ್ಲಿರುತ್ತದೆ. ಮಗ ಒಳ್ಳೆಯವನೇ ಇರಬಹುದು. ಆದರೂ ಕಾರ್ಡನ್ನು ಅಜ್ಜಿಯ ಕೈಗೆ ಕೊಟ್ಟು, "ನಿಮಗೆ ಬೇಕಾದದ್ದಕ್ಕೆ ಖರ್ಚು ಮಾಡಿ" ಎನ್ನಲಿ. ಹೆಚ್ಚೆಂದರೆ ಏನು ಮಾಡಿಯಾರು? ಮೊಮ್ಮಗಳಿಗೆ ಬಳೆ ತಂದಾರು, ಮಸೀದಿಯ ಡಬ್ಬಿಗೆ ನೂರು ರೂಪಾಯಿ ಹಾಕಿಯಾರು.

ಮಕ್ಕಳಿಗೆ ಒಂದು ಹೋಂವರ್ಕ್ ಕೊಡುತ್ತೇವೆ. ಈ ವಾರ ಅಜ್ಜಿಯ ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ: ಎಷ್ಟು ವರ್ಷ ಬೀಡಿ ಕಟ್ಟಿದಿರಿ? ಆ ದುಡ್ಡಿನಲ್ಲಿ ಏನೇನು ಮಾಡಿದಿರಿ? ನಿಮ್ಮ ಪುಸ್ತಕ ಎಲ್ಲಿದೆ? ಉತ್ತರ ಬರೆದು ತನ್ನಿ. ಮೂರನೆಯ ಪ್ರಶ್ನೆಯ ಉತ್ತರವನ್ನು ಮಾತ್ರ ನಿಮ್ಮ ತಂದೆ ತಾಯಿಗೂ ತೋರಿಸಿ. ಹಳೆಯ ಟ್ರಂಕಿನ ತಳದಲ್ಲಿರುವ ಆ ಪುಸ್ತಕ ಹೊರಗೆ ಬರಲಿ.